ಗುರುತು ಸಿಗದ ಪೆಟ್ಟಿಗೆ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೋಗುವವರಿಗೆ ಚನ್ನಪಟ್ಟಣ ದಾಟಿದ ಸ್ವಲ್ಪ ಹೊತ್ತಿನಲ್ಲೇ ಒಂದು ಗೋಪುರ ಕಾಣಿಸುತ್ತದೆ. ಅದೇ ನಮ್ಮ ದೊಡ್ಡಮಳೂರು. ನಮ್ಮೂರ ದೇವರ ಹೆಸರು ಅಪ್ರಮೇಯ. ಪ್ರಮಾಣಗಳಿಂದ ಅಳೆದು ತಿಳಿಯಲಾಗದವನು ಎಂದು ಅರ್ಥ. ಚಿಕ್ಕಂದಿನಿಂದ ದಿನವೂ ಕಿವಿಗೆ ಬಿದ್ದ ಈ ಹೆಸರಿನ ಅರ್ಥ ನನಗೆ ಮನದಟ್ಟಾದದ್ದು ಮಾತ್ರ ದೇವಸ್ಥಾನದಲ್ಲಲ್ಲ. ಹೋದ ವರ್ಷ ನಮ್ಮ ಮನೆಯ ಹಜಾರದಲ್ಲಿ, ಹೊಸದಾಗಿ ತಂದ ಕಂಪ್ಯೂಟರಿನ ಎದುರಿಗೆ. ನನ್ನ ಹಳೆಯ ಹಾರ್ಡ್ ಡಿಸ್ಕನ್ನು ಅದಕ್ಕೆ ಸೇರಿಸಿದೆ. 'ಈ ಸಾಧನವನ್ನು ಗುರುತಿಸಲಾಗಲಿಲ್ಲ' ಎಂಬ ಅರ್ಥದ ಒಂದು ಸಾಲು ತೆರೆಯ ಮೂಲೆಯಲ್ಲಿ ಮೂಡಿ, ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯವಾಯಿತು.

ಆ ಪೆಟ್ಟಿಗೆ ದೊಡ್ಡದೇನೂ ಅಲ್ಲ. ನಮ್ಮ ತಾಯಿಯವರ ಎಲೆಯಡಕೆ ಡಬ್ಬಿಗಿಂತ ಚಿಕ್ಕದು. ಅದರೊಳಗೆ ಎರಡು ವಸ್ತುಗಳಿದ್ದವು. ಒಂದು, ಆ ತಾಯಿಯವರದೇ ಧ್ವನಿ. ನಮ್ಮೂರ ಗುಡಿಯಲ್ಲಿ ಅಂಬೆಗಾಲಿನ ನವನೀತಕೃಷ್ಣನಿದ್ದಾನೆ; ಮಕ್ಕಳಿಲ್ಲದವರು ಹರಕೆ ಹೊತ್ತು ಬಂದು ತೊಟ್ಟಿಲು ಒಪ್ಪಿಸುವುದು ಅಲ್ಲಿಯ ವಾಡಿಕೆ. ಊರಿನಲ್ಲಿ ಯಾರ ಮನೆಯ ನಾಮಕರಣವಾದರೂ ತೊಟ್ಟಿಲ ಹಾಡಿಗೆ ನಮ್ಮ ತಾಯಿಗೇ ಕರೆ ಬರುತ್ತಿತ್ತು. 1980ರ ದಶಕದಲ್ಲಿ ಅವರನ್ನು ಕೂರಿಸಿಕೊಂಡು ಕ್ಯಾಸೆಟ್ಟುಗಳಲ್ಲಿ ಆ ಹಾಡುಗಳನ್ನು ಹಿಡಿದಿಟ್ಟಿದ್ದೆ. ಮುಂದೆ ಅವನ್ನು ಕಂಪ್ಯೂಟರಿಗೆ ಇಳಿಸಿದ್ದಾಯಿತು; ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ತಾಯಿಯೂ ಹೋದರು. ಎರಡನೆಯದು, ಚನ್ನಪಟ್ಟಣದ ಬಣ್ಣದ ಬೊಂಬೆಗಳ ಕಸುಬುದಾರರ ಬಾಯಿಂದ ನಾನು ಇಪ್ಪತ್ತು ವರ್ಷ ಕೇಳಿ ಬರೆದುಕೊಂಡ ಮಾತುಗಳ ಪಟ್ಟಿ. ಅರಗು ಕಾಯಿಸುವುದಕ್ಕೆ, ಮರ ಕಡೆಯುವುದಕ್ಕೆ, ಹೊಳಪು ಕೊಡುವುದಕ್ಕೆ ಅವರಲ್ಲಿರುವ ಮಾತುಗಳು ನಿಘಂಟುಗಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಒಂದೇ ಮರವನ್ನು ಹಾಲೆ ಮರವೆನ್ನುವವರೂ ಇದ್ದಾರೆ, ಆಲೆ ಮರವೆನ್ನುವವರೂ ಇದ್ದಾರೆ. ಹೇಳಿದವರಲ್ಲಿ ಅನೇಕರು ಈಗ ಇಲ್ಲ.

ಇವೆರಡೂ ಇದ್ದದ್ದು ಆ ಒಂದೇ ಪೆಟ್ಟಿಗೆಯಲ್ಲಿ. ಮೂವತ್ತು ವರ್ಷ ಮಕ್ಕಳಿಗೆ 'ಉತ್ತರವನ್ನು ಎರಡು ಸಲ ಓದಿ ಒಪ್ಪಿಸಿ' ಎಂದು ಬುದ್ಧಿ ಹೇಳಿದ ಮೇಷ್ಟ್ರು ತನ್ನ ಸರ್ವಸ್ವವನ್ನೂ ಒಂದೇ ಪ್ರತಿಯಲ್ಲಿ ಇಟ್ಟುಕೊಂಡು ಕುಳಿತಿದ್ದ.

ಆ ಸಂಜೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ತಂತಿಯನ್ನು ಎಳೆದೆ, ಚುಚ್ಚಿದೆ. ಮತ್ತೆ ಎಳೆದೆ, ಮತ್ತೆ ಚುಚ್ಚಿದೆ. ಪೆಟ್ಟಿಗೆಯ ಮೈ ತಟ್ಟಿದೆ. ಬೆಂಗಳೂರಿನ ಒಂದು ಅಂಗಡಿಗೆ ದೂರವಾಣಿ ಮಾಡಿದರೆ ಆ ಕಡೆಯ ಹುಡುಗ, 'ಹಳೇದು ಅಂತೀರ, ಸತ್ತೋಗಿರುತ್ತೆ ಸಾರ್, ಹೊಸದು ತಗೊಳ್ಳಿ' ಎಂದ. ಪೆಟ್ಟಿಗೆಯನ್ನು ಕಣ್ಣಿನಿಂದಲೂ ನೋಡದೆ ಮರಣಪತ್ರ ಬರೆದುಕೊಟ್ಟ ಆ ವೈದ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ. ಈಗ ನನ್ನ ಮಾತನ್ನು ಕೇಳುತ್ತಿರುವವರನ್ನೇ ಕೇಳುತ್ತೇನೆ: ರೇಡಿಯೋದಲ್ಲಿ ನಿಲಯ ಸಿಗದಿದ್ದರೆ ಹಾಡುವವರು ಸತ್ತರೆಂದು ನೀವು ತಿಳಿಯುತ್ತೀರಾ? ಮುಳ್ಳು ತಿರುಗಿಸಿ ನೋಡುವುದಿಲ್ಲವೆ?

ಮರುದಿನ ಬೆಳಿಗ್ಗೆ ನನ್ನ ಹಳೆಯ ಶಿಷ್ಯನೊಬ್ಬ ಬಂದ. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದಾನೆ. ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಲು ಒಮ್ಮೆಯೂ ಬಾರದವನು. ಬಂದವನೇ ಕೇಳಿದ ಮೊದಲ ಪ್ರಶ್ನೆ: 'ಮೇಷ್ಟ್ರೇ, ಎಷ್ಟು ಸಲ ಎಳೆದು ಚುಚ್ಚಿದ್ರಿ?'

'ಒಂದು ಹತ್ತು ಸಲ ಇರಬಹುದಪ್ಪ.'

'ಸಾಕು. ಇನ್ನು ನೀವು ಮುಟ್ಟಬೇಡಿ. ಸುಮ್ಮನೆ ಕೂತು ಕೇಳಿ.'

ಕೇಳಿ ಎಂದದ್ದು ತನ್ನ ಮಾತನ್ನಲ್ಲ, ಪೆಟ್ಟಿಗೆಯ ಸದ್ದನ್ನು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳಿರುತ್ತವೆ. ಇಂಥ ಸಣ್ಣ ಪೆಟ್ಟಿಗೆಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗೂ ಕಡಿಮೆ ಎತ್ತರದಲ್ಲಿ ಒಂದು ಪುಟ್ಟ ತಲೆ ಗಾಳಿಯಲ್ಲಿ ತೇಲುತ್ತ ಕಾಂತದ ಗುರುತುಗಳನ್ನು ಓದುತ್ತದೆ. ಸಮವಾದ ಮೆಲ್ಲನೆಯ ಗುಂಯ್‌ಗುಟ್ಟುವಿಕೆ ಕೇಳಿದರೆ ತಟ್ಟೆ ತಿರುಗುತ್ತಿದೆಯೆಂದು ಅರ್ಥ. 'ಟಕ್, ಟಕ್' ಎಂದು ಗಡಿಯಾರದಂತೆ ಬಡಿದುಕೊಂಡರೆ ತಲೆಗೆ ತನ್ನ ದಾರಿ ಸಿಗುತ್ತಿಲ್ಲ. ಆಗ ತಕ್ಷಣ ತಂತಿ ಕಿತ್ತು ದೂರವಿಟ್ಟು, ಧೂಳಿಲ್ಲದ ಕೊಠಡಿಯಲ್ಲಿ ಅದನ್ನು ಬಿಚ್ಚಬಲ್ಲ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ. ತಟ್ಟುವುದು, ಅಲ್ಲಾಡಿಸುವುದು, ಯಾರೋ ಹೇಳಿದರೆಂದು ಫ್ರಿಜ್ಜಿನಲ್ಲಿಡುವುದು, ಇವೆಲ್ಲ ಉಳಿದಿರುವುದನ್ನೂ ಕೆರೆದು ಹಾಕುವ ಉಪಾಯಗಳು. ನಾನು ತಟ್ಟಿದ್ದೆನೆಂದು ಅವನಿಗೆ ಹೇಳಲಿಲ್ಲ.

ನನ್ನ ಪೆಟ್ಟಿಗೆ ಬಡಿದುಕೊಳ್ಳಲಿಲ್ಲ. ಗುಂಯ್ ಎಂದು ಎದ್ದಿತು, ಸೋತಿತು. ಮತ್ತೆ ಎದ್ದಿತು, ಮತ್ತೆ ಸೋತಿತು. ಶಿಷ್ಯನ ಮುಖ ಅರಳಿತು. 'ಇದಕ್ಕೆ ರೋಗ ಇಲ್ಲ ಮೇಷ್ಟ್ರೇ, ಹಸಿವು' ಎಂದ.

ವಿಷಯ ಹೀಗೆ. ಈ ಪೆಟ್ಟಿಗೆಗಳಿಗೆ ಬೇರೆ ವಿದ್ಯುತ್ತಿನ ಆಸರೆಯಿಲ್ಲ. ಸುದ್ದಿಯೂ ಅನ್ನವೂ ಒಂದೇ ತಂತಿಯಲ್ಲಿ ಬರಬೇಕು. 2000ದಲ್ಲಿ ಬಂದ ಎರಡನೆಯ ಪೀಳಿಗೆಯ ಯುಎಸ್‌ಬಿ ಕಿಂಡಿ 500 ಮಿಲಿಆಂಪಿಯರ್ ಕೊಡುತ್ತದೆ. 2008ರಲ್ಲಿ ಬಂದ ಮೂರನೆಯದು 900. ನಿಂತ ತಟ್ಟೆಯನ್ನು ತಿರುಗಿಸಲು ಮೊದಲ ಕೆಲವು ಕ್ಷಣ ಹೆಚ್ಚು ಶಕ್ತಿ ಬೇಕು. ನಿಂತ ಗಾಡಿಯನ್ನು ಎಳೆಯುವ ಎತ್ತಿಗೆ ಗೊತ್ತು ಈ ಕಷ್ಟ. ನಾನು ತಂತಿ ಚುಚ್ಚಿದ್ದು ಕಂಪ್ಯೂಟರಿನ ಮುಂಭಾಗದ ಕಿಂಡಿಗೆ, ಅದೂ ಕೀಲಿಮಣೆ, ಮೂಷಕ, ಮುದ್ರಣಯಂತ್ರ ಎಲ್ಲವೂ ಪಂಕ್ತಿಯಲ್ಲಿ ಕುಳಿತಿದ್ದ ಒಂದು ಕವಲುಪೆಟ್ಟಿಗೆಯ ಮೂಲಕ. ತಂತಿಯೋ ಎರಡು ಮೊಳ ಉದ್ದ. ಅಷ್ಟು ದೂರ ಹರಿಯುವಷ್ಟರಲ್ಲಿ ಕೊನೆಯ ಎಲೆಗೆ ಬಡಿಸಲು ಪಾತ್ರೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನು ಜೇಬಿನಿಂದ ಗೇಣುದ್ದದ ತಂತಿಯೊಂದನ್ನು ತೆಗೆದು ಕಂಪ್ಯೂಟರಿನ ಬೆನ್ನಿನ ಕಿಂಡಿಗೆ ನೇರವಾಗಿ ಸೇರಿಸಿದ. ಸದ್ದು ಎದ್ದಿತು, ಈ ಸಲ ಸೋಲಲಿಲ್ಲ.

ತಂತಿಗಳ ವಿಷಯದಲ್ಲಿ ಅವನಿಗೆ ದೊಡ್ಡ ಅನುಭವವಿದೆ. ಅಂಗಡಿಗೆ 'ಕೆಟ್ಟಿದೆ' ಎಂದು ಬರುವ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ತಂತಿ ಮಾತ್ರವಂತೆ. ಮೊಬೈಲು ಚಾರ್ಜು ಮಾಡುವ ಕೆಲವು ತಂತಿಗಳಲ್ಲಿ ಸುದ್ದಿ ಸಾಗಿಸುವ ಎಳೆಗಳೇ ಇರುವುದಿಲ್ಲ. ದೀಪ ಉರಿಯುತ್ತದೆ, ಮಾತಿಲ್ಲ. ಆದ್ದರಿಂದ ಮೊದಲು ತಂತಿ ಬದಲಿಸು, ಆಮೇಲೆ ಕಿಂಡಿ ಬದಲಿಸು, ಆಮೇಲೆ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡು, ಪೆಟ್ಟಿಗೆಯ ಮೇಲೆ ಅಪವಾದ ಹೊರಿಸುವುದು ಕಟ್ಟಕಡೆಗೆ. ಇದು ಅವನ ಕ್ರಮ.

ಒಬ್ಬ ವರ್ತಕರ ಕಥೆಯನ್ನೂ ಹೇಳಿದ. ಅವರ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಸದ್ದು ಸರಿಯಾಗಿತ್ತು, ತೆರೆಯ ಮೇಲೆ ಮಾತ್ರ ಏನೂ ಇಲ್ಲ. ಹತ್ತು ವರ್ಷದ ಲೆಕ್ಕ ಹೋಯಿತೆಂದು ಅವರು ಊಟ ಬಿಟ್ಟಿದ್ದರಂತೆ. ಆಗಿದ್ದದ್ದು ಇಷ್ಟೆ: ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿ ಡಿಸ್ಕಿಗೂ ಒಂದು ಇಂಗ್ಲಿಷ್ ಅಕ್ಷರದ ಹೆಸರಿರಬೇಕು. 'ಎ' ಮತ್ತು 'ಬಿ' ಫ್ಲಾಪಿಗಳ ಕಾಲದ ಮೀಸಲು. ಫ್ಲಾಪಿ ಹೋದರೂ ಮೀಸಲು ಉಳಿದಿದೆ. ಆದ್ದರಿಂದಲೇ ಮನೆಯ ಯಜಮಾನ ಡಿಸ್ಕು 'ಸಿ'. ಆ ವರ್ತಕರ ಹೊಸ ಯಂತ್ರದಲ್ಲಿ ಪೆಟ್ಟಿಗೆಗೆ ಯಾವ ಅಕ್ಷರವೂ ದಕ್ಕಿರಲಿಲ್ಲ. 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬ ಒಳಪುಟವನ್ನು ತೆರೆದರೆ ಪೆಟ್ಟಿಗೆ ಅಲ್ಲಿ ತೆಪ್ಪಗೆ ಕುಳಿತಿತ್ತು. ಒಂದು ಅಕ್ಷರ ಕೊಟ್ಟ ಮರುಗಳಿಗೆ ಹತ್ತು ವರ್ಷದ ಲೆಕ್ಕ ಹಾಜರು. ಇದು ನನಗೆ ಕೂಡಲೆ ಅರ್ಥವಾಯಿತು. ಹುಡುಗ ಬೆಂಚಿನ ಮೇಲೆ ಕುಳಿತಿದ್ದಾನೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ; ಜೂನ್ ತಿಂಗಳಲ್ಲಿ ಯಾವ ಶಾಲೆಯಲ್ಲಾದರೂ ನೋಡಬಹುದು.

ನನ್ನ ಪೆಟ್ಟಿಗೆಗೆ ಅಕ್ಷರ ತಾನಾಗಿಯೇ ದೊರೆಯಿತು. ಆದರೆ ಅದರ ಬೆನ್ನಿಗೇ ತೆರೆಯ ನಡುವೆ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೆ? ಎಷ್ಟು ವಿನಯದ ಪ್ರಶ್ನೆ! ಬಳಸುವ ಮೊದಲು ಮಾಡಬೇಕೆಂದ ಮೇಲೆ ಮಾಡಲೇಬೇಕಲ್ಲ ಎಂದು ನನ್ನ ಕೈ ತಾನಾಗಿ ಮೂಷಕದ ಕಡೆ ಹೋಯಿತು.

'ಕೈ ತೆಗೀರಿ ಮೇಷ್ಟ್ರೇ!'

ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಗದರಿರಲಿಲ್ಲ. ಅವನು ನನ್ನ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದ. ಹಿಡಿದದ್ದು ಅರಿವಾಗಿ ನಾಚಿಕೊಂಡು ಬಿಟ್ಟ. ಆದರೆ ಆ ಗದರಿಕೆ ಬಾರದಿದ್ದರೆ ಈ ಹೊತ್ತು ನನ್ನ ಭಾಷಣ ಬೇರೆಯ ರೀತಿಯದಾಗಿರುತ್ತಿತ್ತು.

ಫಾರ್ಮ್ಯಾಟ್ ಎಂದರೇನು? ಗ್ರಂಥಾಲಯದ ಉದಾಹರಣೆಯೇ ಸಮೀಪವಾದದ್ದು. ಡಿಸ್ಕಿನಲ್ಲಿ ಕಡತಗಳಿರುವಂತೆಯೇ ಯಾವ ಕಡತ ಎಲ್ಲಿದೆಯೆಂದು ಹೇಳುವ ಸೂಚಿಪತ್ರವೂ ಇರುತ್ತದೆ. ಸೂಚಿಪತ್ರ ಬರೆಯುವ ಪದ್ಧತಿ ಒಂದೇ ಅಲ್ಲ. ವಿಂಡೋಸಿನದು ಒಂದು, ಆಪಲ್ಲಿನದು ಒಂದು, ಲಿನಕ್ಸಿನದು ಇನ್ನೊಂದು. ಕಂಪ್ಯೂಟರಿಗೆ ತನಗೆ ತಿಳಿಯದ ಪದ್ಧತಿಯ ಸೂಚಿಪತ್ರ ಸಿಕ್ಕಿದರೆ 'ನನಗೆ ಓದಲು ಬರುವುದಿಲ್ಲ' ಎನ್ನಬೇಕಾದದ್ದು ನ್ಯಾಯ. ಅದು ಹಾಗೆನ್ನುವುದಿಲ್ಲ. 'ಇಲ್ಲಿ ಏನೂ ಇಲ್ಲ, ಹೊಸದಾಗಿ ಬರೆಯಲೆ?' ಎಂದು ಕೇಳುತ್ತದೆ. ಒಪ್ಪಿದಿರೋ, ತ್ವರಿತ ಫಾರ್ಮ್ಯಾಟ್ ಹಳೆಯ ಸೂಚಿಪತ್ರವನ್ನು ಕಿತ್ತುಹಾಕಿ ಖಾಲಿ ಹಾಳೆ ಹೊಲಿಯುತ್ತದೆ. ಪೂರ್ಣ ಫಾರ್ಮ್ಯಾಟ್ ಪುಸ್ತಕಗಳ ಪುಟಪುಟಕ್ಕೂ ಸುಣ್ಣ ಬಳಿಯುತ್ತದೆ. ಮೊದಲನೆಯದರಿಂದ ತಜ್ಞರು ಅಷ್ಟಿಷ್ಟು ಬದುಕಿಸಿಯಾರು. ಎರಡನೆಯದರಿಂದ ಬ್ರಹ್ಮನಿಗೂ ಸಾಧ್ಯವಿಲ್ಲ. ತನಗೆ ತಿಳಿಯದ್ದನ್ನು ಖಾಲಿಯೆಂದು ಕರೆಯುವುದು ಯಂತ್ರದ ದೋಷವೊಂದೇ ಅಲ್ಲ, ಕೆಲವು ವಿಮರ್ಶಕರಲ್ಲಿಯೂ ನಾನು ಇದನ್ನು ಕಂಡಿದ್ದೇನೆ.

ನನ್ನ ಪೆಟ್ಟಿಗೆಯ ಸಂಗತಿ ಶಿಷ್ಯನಿಗೆ ಎರಡು ಪ್ರಶ್ನೆಗಳಲ್ಲಿ ತಿಳಿದುಹೋಯಿತು. ಹಳೆಯ ಕಂಪ್ಯೂಟರು ನಿಧಾನವಾಯಿತೆಂದು ಹನ್ನೊಂದು ವರ್ಷದ ಹಿಂದೆ ನನ್ನ ಮಗ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. ಪೆಟ್ಟಿಗೆಯನ್ನೂ ಆ ಪದ್ಧತಿಯಲ್ಲೇ ಸಿದ್ಧಪಡಿಸಿದ್ದ. ನನಗೆ ಅದರ ಗೊಡವೆಯೇ ಇರಲಿಲ್ಲ. ಹೊಸ ಕಂಪ್ಯೂಟರು ವಿಂಡೋಸಿನದು. ಪೆಟ್ಟಿಗೆಯಲ್ಲಿ ದೋಷವಿಲ್ಲ, ಕಂಪ್ಯೂಟರಿನಲ್ಲಿಯೂ ದೋಷವಿಲ್ಲ; ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಅಷ್ಟೆ.

ಆಗ ನನಗೆ ನೆನಪಾದವರು ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟನ್ನು ತಂದೊಪ್ಪಿಸಿದರು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಆ ಲಿಪಿ ಬಾರದವನ ಕೈಗೆ ಬಿದ್ದಿದ್ದರೆ ಅದು ಹಳೆಯ ಗರಿಗಳ ಕಟ್ಟು ಮಾತ್ರ. ಒಲೆಗೆ ಹಾಕಿದ್ದರೂ ಹಾಕಿದನೆ. ಲಿಪಿ ಬಲ್ಲ ಶಾಸ್ತ್ರಿಗಳ ಕೈಗೆ ಬಿದ್ದುದರಿಂದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಜಗತ್ತಿಗೆ ಸಿಕ್ಕಿತು.

ನಮ್ಮ ಮನೆಯಲ್ಲಿ ಶಾಸ್ತ್ರಿಗಳ ಕೆಲಸ ಮಾಡಿದ್ದು ಹೆಬ್ಬೆರಳಿನಷ್ಟು ಒಂದು ಪೆನ್ ಡ್ರೈವ್. ಶಿಷ್ಯನ ಚೀಲದಲ್ಲಿ ಸದಾ ಇರುವ ಆ ಕಡ್ಡಿಯಲ್ಲಿ ಸಂಪೂರ್ಣ ಲಿನಕ್ಸ್ ವ್ಯವಸ್ಥೆಯೇ ಇತ್ತು. ಕಂಪ್ಯೂಟರನ್ನು ಆರಿಸಿ, ಆ ಕಡ್ಡಿಯಿಂದ ಅದನ್ನು ಎಬ್ಬಿಸಿದ. ಒಳಗಿನ ವಿಂಡೋಸ್ ನಿದ್ದೆಯಲ್ಲಿರುವಾಗಲೇ ಅದೇ ಯಂತ್ರ ಲಿನಕ್ಸಿನ ಮಾತನಾಡತೊಡಗಿತು. ಪೆಟ್ಟಿಗೆಯನ್ನು ಸೇರಿಸಿದ. ಸಾಲಾಗಿ ಕಡತಗಳು ಬಂದು ನಿಂತವು. ನಾನು ಒಂದನ್ನು ತೆರೆಯಹೋದೆ, ಬಿಡಲಿಲ್ಲ. 'ಮೊದಲು ನಕಲು, ಆಮೇಲೆ ನೋಡೋದು' ಎಂದ. ಹಳೆಯ ಡಿಸ್ಕಿನ ಮೇಲೆ ತಿದ್ದುವ, ಪರೀಕ್ಷಿಸುವ, ರಿಪೇರಿ ಮಾಡುವ ಯಾವ ಆಜ್ಞೆಯನ್ನೂ ನಕಲು ಮುಗಿಯುವ ಮುಂಚೆ ಕೊಡಬಾರದಂತೆ. ಎರಡು ಗಂಟೆ ನಾವು ಕಾಫಿ ಕುಡಿದು, ಪುರಿ ತಿಂದು, ತೆರೆಯ ಮೇಲೆ ಇರುವೆಯಂತೆ ತೆವಳುವ ಹಸಿರು ಪಟ್ಟಿಯನ್ನು ನೋಡುತ್ತ ಕುಳಿತೆವು. ಆ ಹೊತ್ತಿನಲ್ಲಿ ಅವನು ಹೇಳಿದ: 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊಟ್ಟಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವಂತೆ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ನನ್ನ ತಾಯಿಯ ಒಂದೇ ಒಂದು ಹಾಡಿಗೂ ಅದರಲ್ಲಿ ಜಾಗ ಸಾಲುತ್ತಿತ್ತೋ ಇಲ್ಲವೋ.

ನಕಲು ಮುಗಿದು, ವಿಂಡೋಸಿನಲ್ಲಿ ಹೊಸ ಡಿಸ್ಕನ್ನು ತೆರೆದು, ಮೊದಲ ಹಾಡನ್ನು ಹಾಕಿದೆವು. ಮೊದಲು ಕೇಳಿಸಿದ್ದು ನನ್ನ ಧ್ವನಿ: 'ಅಮ್ಮಾ, ಸ್ವಲ್ಪ ಹತ್ತಿರ ಬಾ.' ಆ ಧ್ವನಿಯಲ್ಲಿ ಎಷ್ಟು ಅಧಿಕಾರ! ಆಮೇಲೆ ರಸ್ತೆಯ ಬಸ್ಸಿನ ಹಾರನ್ನು. ಆಮೇಲೆ ತಾಯಿ ಗಂಟಲು ಸರಿಮಾಡಿಕೊಂಡದ್ದು. ಶಿಷ್ಯ ಎದ್ದು ಅಂಗಳಕ್ಕೆ ಹೋದ. ಅವನ ನಾಮಕರಣದಲ್ಲಿ ಹಾಡಿದವರೂ ನಮ್ಮ ತಾಯಿಯೇ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪದಗಳ ಪಟ್ಟಿಯನ್ನು ತೆರೆದಾಗ ಎದೆ ಮತ್ತೆ ಧಸಕ್ಕೆಂದಿತು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ನಡುನಡುವೆ ತಲೆಯ ಮೇಲೆ ಚುಕ್ಕಿ ಹೊತ್ತ ಯೂರೋಪಿನ ಅಕ್ಷರಗಳು, ಪೌಂಡಿನ ಗುರುತು, ಪ್ರಶ್ನಾರ್ಥಕ ಚಿಹ್ನೆಗಳು. ಒಂದೇ ಒಂದು ಕನ್ನಡದ ಅಕ್ಷರವಿಲ್ಲ. ಪೆಟ್ಟಿಗೆಯ ಗುರುತು ಸಿಕ್ಕಿತು, ಸೂಚಿಪತ್ರದ ಗುರುತು ಸಿಕ್ಕಿತು, ಈಗ ಕನ್ನಡದ ಗುರುತೇ ಸಿಗಲಿಲ್ಲ.

ಇದರ ಹಿನ್ನೆಲೆಯನ್ನು ಕನ್ನಡದ ಓದುಗರು ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಇದು ನಮ್ಮ ಮನೆಯ ತೊಂದರೆ ಮಾತ್ರವಲ್ಲ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಹಿಂದೆ ಒಂದು ಅಕ್ಷರಮಾಲೆಗೆ ಇದ್ದದ್ದು 256 ಮನೆಗಳು. ಅವು ಇಂಗ್ಲಿಷಿಗೂ ಅದರ ನೆಂಟರಿಗೂ ಹಂಚಿಹೋಗಿದ್ದವು. ನಮ್ಮವರು ಜಾಣತನದಿಂದ ಆ ಮನೆಗಳಲ್ಲೇ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬಾಡಿಗೆಗೆ ಕೂರಿಸಿದರು. ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷೇ. ತಕ್ಕ ಅಕ್ಷರಶೈಲಿ ಇದ್ದಾಗ ಮಾತ್ರ ಕಣ್ಣಿಗೆ ಕನ್ನಡ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ನನ್ನಂಥವರಿಗೂ ಬೆರಳಚ್ಚು ಸುಲಭವಾಯಿತು. ಇವರ ಉಪಕಾರವನ್ನು ನಾನು ಮರೆಯಲಾರೆ; ಅವರಿಲ್ಲದಿದ್ದರೆ ಆ ಪಟ್ಟಿಯೇ ಇರುತ್ತಿರಲಿಲ್ಲ. ಆದರೆ ನಾವು ಬರೆದದ್ದು ಬಾಡಿಗೆ ಮನೆಯಲ್ಲಿ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿಯೊಂದನ್ನು ಕೊಟ್ಟಿದ್ದರು. ಅಲ್ಲಿಗೆ ವಾಸ ಬದಲಿಸಲು ನಾವು ತಡಮಾಡಿದೆವು. ನನ್ನ ಹಳೆಯ ಯಂತ್ರದಲ್ಲಿ ಮಗ ನುಡಿಯ ಅಕ್ಷರಶೈಲಿಯನ್ನು ಹಾಕಿಟ್ಟಿದ್ದರಿಂದ ಇಷ್ಟು ಕಾಲ ಎಲ್ಲವೂ ಕನ್ನಡವಾಗಿಯೇ ಕಾಣುತ್ತಿತ್ತು. ಹೊಸ ಯಂತ್ರಕ್ಕೆ ಆ ಶೈಲಿ ಗೊತ್ತಿಲ್ಲ. ಬೇಷ ಕಳಚಿದ ಪಾತ್ರಧಾರಿಯಂತೆ ಇಂಗ್ಲಿಷ್ ಹೊರಗೆ ಬಂದಿತು.

ಅಕ್ಷರಶೈಲಿಯನ್ನು ಹಾಕಿದ ಮೇಲೆ ಪಟ್ಟಿ ಕಾಣಿಸಿತು. ಆದರೆ ಶಿಷ್ಯ ಅಷ್ಟಕ್ಕೆ ಬಿಡಲಿಲ್ಲ, ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿಕೊಟ್ಟ. ಬಹುಪಾಲು ಸರಿಯಾಗಿ ಬಂದಿದೆ. ಅರ್ಕಾವತ್ತು ಇರುವ ಕಡೆ, ಒತ್ತಿನ ಮೇಲೆ ಒತ್ತು ಬಂದ ಕಡೆ ಅಕ್ಷರಗಳು ಜಾಗ ತಪ್ಪಿವೆ. ಅದನ್ನು ಯಂತ್ರ ತಿದ್ದಲಾರದು. ಮಾತು ಗೊತ್ತಿದ್ದವನು ಕುಳಿತು ಒಂದೊಂದಾಗಿ ನೋಡಬೇಕು.

ಈಗ ಹಾಡುಗಳ ಮೂರು ಪ್ರತಿಗಳಿವೆ. ಒಂದು ನನ್ನ ಮೇಜಿನಲ್ಲಿ, ಒಂದು ಮದ್ದೂರಿನಲ್ಲಿ ತಂಗಿಯ ಮನೆಯ ಬೀರುವಿನಲ್ಲಿ, ಇನ್ನೊಂದು ಮಗನ ಹತ್ತಿರ. ಪ್ರತಿಯೊಂದರ ಮೇಲೂ ಯಾವ ಪದ್ಧತಿಯ ಸೂಚಿಪತ್ರವೆಂದು ಚೀಟಿ ಅಂಟಿಸಿದ್ದೇನೆ. ಆರು ತಿಂಗಳಿಗೊಮ್ಮೆ ತೆರೆದು ಕೇಳುತ್ತೇನೆ. ಹಳೆಯ ಪೆಟ್ಟಿಗೆ ತಾಯಿಯ ಎಲೆಯಡಕೆ ಡಬ್ಬಿಯ ಪಕ್ಕದಲ್ಲಿದೆ.

ಶಿಷ್ಯನಿಗೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಗೇಣುದ್ದದ ತಂತಿಗೆ ಮಾತ್ರ ನೂರೈವತ್ತು ರೂಪಾಯಿ ಎಣಿಸಿ ಇಸಿದುಕೊಂಡ. ಅದು ಅಂಗಡಿಯ ಲೆಕ್ಕವಂತೆ. ಪದಗಳ ಪಟ್ಟಿಯನ್ನು ದಿನವೂ ರಾತ್ರಿ ಊಟವಾದ ಮೇಲೆ ಒಂದು ಪುಟದಂತೆ ತಿದ್ದುತ್ತಿದ್ದೇನೆ. ನಿನ್ನೆಗೆ 'ಟ' ವರ್ಗ ಮುಗಿಯಿತು. ಈ ರಾತ್ರಿ 'ತ'. ಮೊದಲ ಪುಟದಲ್ಲಿಯೇ ತೊಟ್ಟಿಲು ಇದೆ, ಅದರ ಒತ್ತು ಎಲ್ಲಿಗೋ ಹೋಗಿ ಕುಳಿತಿದೆ.